‘ರಿಪೋರ್ಟ್ ನಾರ್ಮಲ್’ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ

ಮಾನ್ಯ ಸಂಪಾದಕರೇ,

ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಮುಗಿಸಿ, ‘ರಿಪೋರ್ಟ್ ನಾರ್ಮಲ್ ಇದೆ, ನಿಮಗೇನೂ ಆಗಿಲ್ಲ’ ಎಂದು ಹೇಳಿಸಿಕೊಂಡು ಮನೆಗೆ ಬಂದ ಮೇಲೂ ನರಳುತ್ತಲೇ ಇರುವವರು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಊರೂರಿನಲ್ಲೂ ಇದ್ದಾರೆ. ಅಂಥವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ವೈದ್ಯರು ಐಬಿಎಸ್ ಎಂದು ಕರೆಯುವ ಇರಿಟೇಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ತೊಂದರೆಯನ್ನು ನಾನೇ ಬಹಳ ವರ್ಷಗಳಿಂದ ಅನುಭವಿಸುತ್ತಿದ್ದೇನೆ. ನಾರ್ಕೊಲೆಪ್ಸಿ ಎಂಬ ನಿದ್ರೆಯ ಕಾಯಿಲೆಯನ್ನು ನಾನು ಪಾಠ ಹೇಳುವ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳಲ್ಲಿ ಕಂಡಿದ್ದೇನೆ. ಹೊಟ್ಟೆಗೂ ನಿದ್ರೆಗೂ ಎತ್ತಣ ಸಂಬಂಧ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಈ ಎರಡೂ ಬಗೆಯ ರೋಗಿಗಳು ಮನೆಯಲ್ಲಿ, ಕೆಲಸದ ಜಾಗದಲ್ಲಿ, ಕೆಲವೊಮ್ಮೆ ದವಾಖಾನೆಯಲ್ಲಿಯೂ ಕೇಳಿಸಿಕೊಳ್ಳುವ ಮಾತು ಒಂದೇ, ‘ಇದೆಲ್ಲ ನಿನ್ನ ತಲೆಯೊಳಗಿನ ಭ್ರಮೆ, ಇಲ್ಲವೇ ಸೋಮಾರಿತನ’ ಎಂಬುದು.

ಐಬಿಎಸ್ ಇದ್ದವರ ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲವಾದ್ದರಿಂದ ಎಂಡೋಸ್ಕೋಪಿಯಲ್ಲಿ ಏನೂ ಕಾಣುವುದಿಲ್ಲ. ಕೆಟ್ಟಿರುವುದು ಕರುಳಿಗೂ ಮೆದುಳಿಗೂ ನರಗಳ ಮೂಲಕ ನಡೆಯುವ ಹೊಂದಾಣಿಕೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ತುಂಬಿದರೂ ಇವರಿಗೆ ಹೊಟ್ಟೆ ಹಿಂಡಿದಂತಾಗುತ್ತದೆ, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಇದನ್ನು ಗುರುತಿಸಲು ವೈದ್ಯಲೋಕ ಒಪ್ಪಿಕೊಂಡ ಮಾನದಂಡವೇ ಇದೆ. 2016ರ ರೋಮ್ 4 ಮಾನದಂಡದ ಪ್ರಕಾರ ತೊಂದರೆ ಶುರುವಾಗಿ ಕನಿಷ್ಠ ಆರು ತಿಂಗಳಾಗಿದ್ದು, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವು ಬಂದು, ಅದರ ಜೊತೆಗೆ ಮಲವಿಸರ್ಜನೆಯಲ್ಲಿ ವ್ಯತ್ಯಾಸವೂ ಕಾಣಿಸಿಕೊಂಡಿರಬೇಕು. ಅಂದರೆ ರೋಗಿ ಹೇಳುವ ಮಾತನ್ನು ಕೂತು ಕೇಳುವುದೇ ಇಲ್ಲಿ ಮುಖ್ಯವಾದ ಪರೀಕ್ಷೆ.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಸೋಂಕಿನಿಂದ ವಾಂತಿಭೇದಿಯಾಗಿ ಗುಣವಾದವರಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಮುಂದೆ ಐಬಿಎಸ್ ಅಂಟಿಕೊಳ್ಳುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಕಲುಷಿತ ನೀರು ಕುಡಿದು ಊರಿಗೆ ಊರೇ ಅಸ್ವಸ್ಥವಾದಾಗ ಆಸ್ಪತ್ರೆಗೆ ಸೇರಿದವರ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ, ಅವರಲ್ಲಿ ಎಷ್ಟು ಜನ ಆಮೇಲೆ ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ಬದುಕುತ್ತಾರೆ ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ಅಂಥವರಿಗೆ ಬಟ್ಟಿ ಬಿದ್ದಿದೆ ಎಂದು ಹೊಕ್ಕುಳ ತಿಕ್ಕಿಸಲಾಗುತ್ತದೆ, ಯಾರೋ ಕೈಮದ್ದು ಹಾಕಿದ್ದಾರೆಂದು ಬಲವಂತವಾಗಿ ವಾಂತಿ ಮಾಡಿಸಲಾಗುತ್ತದೆ. ಕಾಯಿಲೆಯ ಜೊತೆಗೆ ಅಕ್ಕಪಕ್ಕದ ಮನೆಯವರ ಮೇಲೆ ಸಂಶಯವೂ ಬೆಳೆಯುತ್ತದೆ.

ಐಬಿಎಸ್‌ನಿಂದ ಕ್ಯಾನ್ಸರ್ ಬರುವುದಿಲ್ಲ ಎಂಬ ಒಂದು ಮಾತನ್ನು ವೈದ್ಯರು ಬಿಡಿಸಿ ಹೇಳಿದರೆ ಅರ್ಧ ಭಯ ಇಳಿಯುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಐಬಿಎಸ್ ಎಂದುಕೊಂಡು ಸುಮ್ಮನಿರದೆ ಕೂಡಲೇ ತಪಾಸಣೆ ಮಾಡಿಸಬೇಕು. ಉಳಿದವರಿಗೆ ಇಸಬಗೋಲಿನಂಥ ನಾರು, ಕರುಳಿನ ಸೆಳೆತ ತಗ್ಗಿಸುವ ಗುಳಿಗೆ, ಪಥ್ಯ, ಎಲ್ಲವೂ ಇವೆ. ಆಸ್ಟ್ರೇಲಿಯಾದ ಮೊನ್ಯಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫೋಡ್‌ಮ್ಯಾಪ್ ಪಥ್ಯದಲ್ಲಿ ಗೋಧಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೆಲವು ಬೇಳೆಕಾಳುಗಳನ್ನು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ಮತ್ತೆ ತಿಂದು ಯಾವುದು ಒಗ್ಗುವುದಿಲ್ಲ ಎಂದು ಕಂಡುಕೊಳ್ಳಲಾಗುತ್ತದೆ. ಜೀವಮಾನವಿಡೀ ಬಿಡಬೇಕೆಂದಿಲ್ಲ. ಆದರೆ ತೊಗರಿಯ ಕಣಜವೆನಿಸಿಕೊಂಡು, 2019ರಲ್ಲಿ ತನ್ನ ಬೇಳೆಗೆ ಭೌಗೋಳಿಕ ಗುರುತು ಪಡೆದ ಕಲಬುರಗಿಯಲ್ಲಿ ಒಂದು ತಿಂಗಳು ಬೇಳೆ ಬೇಡ ಎಂದರೆ ಮನೆಯವರು ಹೌಹಾರುತ್ತಾರೆ. ನಮ್ಮ ಜೋಳದ ರೊಟ್ಟಿ ಈ ಪಥ್ಯಕ್ಕೆ ಅಡ್ಡಿಯಲ್ಲ ಎಂಬುದು ದೊಡ್ಡ ಅನುಕೂಲ, ಅದನ್ನು ಹೇಳುವವರು ಮಾತ್ರ ಕಡಿಮೆ.

ಕಲಬುರಗಿಯಿಂದ ಬೀದರಿಗೆ ಹೋಗುವುದಿದ್ದರೆ ನಾನು ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತೇನೆ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಹುಡುಕುತ್ತೇನೆ, ಕಮಲಾಪುರ ದಾಟಿದ ಮೇಲೆ ಹುಮನಾಬಾದ್ ಬರುವವರೆಗೂ ಕಣ್ಣು ರಸ್ತೆಯ ಮೇಲಿರುತ್ತದೆ. ನಿಲ್ದಾಣದ ಸಂಡಾಸಿಗೆ ಕೀಲಿ ಹಾಕಿದ್ದರೆ, ನೀರಿಲ್ಲದಿದ್ದರೆ, ಹೆಂಗಸರು ಯಾರನ್ನು ಕೇಳಬೇಕು? ನಿಲ್ದಾಣಗಳ ಸಂಡಾಸುಗಳು ದಿನವಿಡೀ ತೆರೆದಿರಬೇಕು, ನಲ್ಲಿಯಲ್ಲಿ ನೀರು ಇರಬೇಕು ಎಂಬ ನನ್ನ ಬೇಡಿಕೆ ಆರೋಗ್ಯದ ಬೇಡಿಕೆಯೆಂದು ಸಾರಿಗೆ ನಿಗಮದವರು ತಿಳಿಯಬೇಕು.

ಇನ್ನು ನಾರ್ಕೊಲೆಪ್ಸಿ. ನಮ್ಮ ಮೆದುಳನ್ನು ಎಚ್ಚರವಾಗಿಡುವ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ವಿಜ್ಞಾನಿಗಳು ಪತ್ತೆ ಮಾಡಿದ್ದು 1998ರಲ್ಲಿ. ಈ ಕಾಯಿಲೆಯ ಮುಖ್ಯ ಬಗೆಯಲ್ಲಿ ಅದನ್ನು ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. ಸಾಮಾನ್ಯವಾಗಿ ಹತ್ತರಿಂದ ಮೂವತ್ತರ ವಯಸ್ಸಿನೊಳಗೆ, ಅಂದರೆ ಓದುವ ದುಡಿಯುವ ಕಾಲಕ್ಕೆ ಸರಿಯಾಗಿ ಶುರುವಾಗುತ್ತದೆ. ರಾತ್ರಿ ಮಲಗಿದರೂ ಹಗಲಿನಲ್ಲಿ ತಡೆಯಲಾಗದ ನಿದ್ದೆ. ನಾನು ಹೇಳಿದ ಹುಡುಗಿ ಬರೆಯುತ್ತ ಬರೆಯುತ್ತಲೇ ನಿದ್ದೆಗೆ ಜಾರುತ್ತಿದ್ದಳು, ಪೆನ್ನು ಕೈಯಲ್ಲೇ ಇರುತ್ತಿತ್ತು, ಅಕ್ಷರಗಳು ಸಾಲು ಬಿಟ್ಟು ಕೆಳಗೆ ಎಳೆದುಕೊಂಡು ಹೋಗಿರುತ್ತಿದ್ದವು. ಗೆಳತಿಯರ ಜೊತೆ ಜೋರಾಗಿ ನಕ್ಕರೆ ಮೊಣಕಾಲು ಕುಸಿದು ಕೂತುಬಿಡುತ್ತಿದ್ದಳು, ಆದರೆ ನಾವು ಆಡುವ ಪ್ರತಿ ಮಾತೂ ಅವಳಿಗೆ ಕೇಳಿಸುತ್ತಿತ್ತು. ಹೀಗೆ ಪ್ರಜ್ಞೆ ತಪ್ಪದೆ ಸ್ನಾಯುಗಳ ಬಲ ಮಾತ್ರ ಹೋಗುವುದನ್ನು ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಇದನ್ನು ಮೂರ್ಛೆರೋಗವೆಂದು ತಿಳಿದು ಅವಳಿಗೆ ಬಹಳ ದಿನ ಫಿಟ್ಸ್ ಗುಳಿಗೆ ಕೊಡಿಸಿದರು. ನಿದ್ದೆಯ ಅಂಚಿನಲ್ಲಿ ಮೈ ಅಲುಗದೆ ಯಾರೋ ಎದೆಯ ಮೇಲೆ ಕೂತಂತಾಗುತ್ತದೆ ಎಂದು ಅವಳು ಹೇಳಿದ್ದಕ್ಕೆ ಗಾಳಿ ಸೋಕಿದೆಯೆಂದು ಗಾಣಗಾಪುರಕ್ಕೂ ಕರೆದೊಯ್ದರು. ದತ್ತಾತ್ರೇಯನ ಮೇಲಿನ ಭಕ್ತಿಗೆ ನನ್ನದೇನೂ ತಕರಾರಿಲ್ಲ, ನಾನೂ ಭಕ್ತಳೇ. ದರ್ಶನ ಮುಗಿಸಿ ನರರೋಗ ತಜ್ಞರ ಹತ್ತಿರವೂ ಹೋಗಿ ಎಂದಷ್ಟೇ ನನ್ನ ವಿನಂತಿ.

ಕೊನೆಗೆ ಹೈದರಾಬಾದಿನಲ್ಲಿ ಒಂದು ರಾತ್ರಿ ನಿದ್ರೆಯ ಪರೀಕ್ಷೆ ಮಾಡಿ, ಮರುದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ ಎಷ್ಟು ನಿಮಿಷಕ್ಕೆ ನಿದ್ದೆ ಹತ್ತುತ್ತದೆ ಎಂದು ಅಳೆದ ಮೇಲೆ ಕಾಯಿಲೆ ಗೊತ್ತಾಯಿತು. ಈಗ ವೈದ್ಯರು ಬರೆದುಕೊಟ್ಟ ಮೊಡಾಫಿನಿಲ್ ಗುಳಿಗೆ ಮತ್ತು ಮಧ್ಯಾಹ್ನದ ಹದಿನೈದಿಪ್ಪತ್ತು ನಿಮಿಷದ ನಿದ್ದೆಯಿಂದ ಪಾಠ ಕೇಳುವಷ್ಟು ಸುಧಾರಿಸಿದ್ದಾಳೆ. ಪೂರ್ತಿ ಗುಣವಾಗುವ ಕಾಯಿಲೆ ಇದಲ್ಲ. ಮುಖ್ಯೋಪಾಧ್ಯಾಯರು ಒಪ್ಪಿ ಸ್ಟಾಫ್ ರೂಮಿನಲ್ಲಿ ಒಂದು ಬೆಂಚು ಬಿಟ್ಟುಕೊಟ್ಟಿದ್ದರಿಂದ ಇಷ್ಟಾಯಿತು, ಎಲ್ಲ ಶಾಲೆಗಳಲ್ಲೂ ಹೀಗಾಗುತ್ತದೆಂದು ಹೇಳಲಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ದೀರ್ಘಕಾಲಿಕ ನರಸಂಬಂಧಿ ಕಾಯಿಲೆಗಳೂ ಸೇರಿವೆಯಾದರೂ ಅಲ್ಲಿ ಹೆಸರಿಸಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳನ್ನು ಮಾತ್ರ. ಹಾಗಾಗಿ ನಾರ್ಕೊಲೆಪ್ಸಿ ಇರುವ ಮಗುವಿನ ಪಾಲಕರು ಪ್ರಮಾಣಪತ್ರಕ್ಕೆ ಹೋದರೆ ಆ ಹೆಸರು ಪಟ್ಟಿಯಲ್ಲಿ ಕಾಣದು. ಪಟ್ಟಿ ಬದಲಾಗುವವರೆಗೆ ಕಾಯುತ್ತ ಕೂರುವ ಅಗತ್ಯವಿಲ್ಲ. ತಜ್ಞ ವೈದ್ಯರ ಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಡುವೆ ಸ್ವಲ್ಪ ಹೊತ್ತು ಮಲಗಲು ಅಥವಾ ಸಂಡಾಸಿಗೆ ಹೋಗಲು ಬಿಟ್ಟು, ಆ ಸಮಯವನ್ನು ಕೊನೆಯಲ್ಲಿ ಕೂಡಿಸಿ ಕೊಡುವಂತೆ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಸುತ್ತೋಲೆ ಹೊರಡಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬಂದು ಕಣ್ಣು, ಹಲ್ಲು, ತೂಕ ನೋಡುವಾಗ ‘ಹಗಲಲ್ಲಿ ತಡೆಯಲಾಗದಷ್ಟು ನಿದ್ದೆ ಬರುತ್ತದೆಯೇ, ನಕ್ಕಾಗ ಕಾಲು ಕುಸಿಯುತ್ತದೆಯೇ’ ಎಂದು ಕೇಳಲು ಒಂದು ನಿಮಿಷ ಸಾಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜುಗಳಲ್ಲಿ ಒಂದರಲ್ಲಾದರೂ ನಿದ್ರೆಯ ಈ ಎರಡೂ ಪರೀಕ್ಷೆಗಳು ಬಡವರ ಕೈಗೆಟಕುವಂತೆ ನಡೆಯಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣ ಕೊಡಲಿ, ಅಲ್ಲಿ ಯಾವ ವಾರ ಯಾವ ತಜ್ಞರು ಸಿಗುತ್ತಾರೆಂಬ ಪಟ್ಟಿಯನ್ನು ತಾಲ್ಲೂಕು ಆಸ್ಪತ್ರೆಗಳ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ.

— ಪ್ರೌಢಶಾಲಾ ಶಿಕ್ಷಕಿ, ಕಲಬುರಗಿ ಜಿಲ್ಲೆ