ವಿಶೇಷ ವಿವಾಹ ಕಾಯ್ದೆಯನ್ನು ತಿದ್ದಿ: ಕಾಸರಗೋಡಿನ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರೇ,

ವಂದನೆಗಳು. ಸಲಿಂಗ ವಿವಾಹಕ್ಕೆ ಅವಕಾಶವಾಗುವಂತೆ 1954ರ ವಿಶೇಷ ವಿವಾಹ ಕಾಯ್ದೆಗೆ ತಿದ್ದುಪಡಿ ಕೋರಿ ತಾವು ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ.

ಬದಿಯಡ್ಕದ ಸಮೀಪ ಒಂದೇ ಸೂರಿನಡಿ ಬಹುಕಾಲದಿಂದ ಬಾಳುತ್ತಿರುವ ಇಬ್ಬರು ಹೆಂಗಸರಲ್ಲಿ ನಾನೊಬ್ಬಳು. ಊರವರ ಬಾಯಲ್ಲಿ ನಾವು ಗೆಳತಿಯರು. ಕರೆಯುವುದು ಹೇಗಾದರೂ ಇರಲಿ, ನೆಮ್ಮದಿಯಿಂದ ಇದ್ದರೆ ಸಾಕೆಂದು ಸುಮ್ಮನಿದ್ದೆವು. ಕಳೆದ ಮಳೆಗಾಲ ಆ ನೆಮ್ಮದಿಯನ್ನು ಕಿತ್ತುಕೊಂಡಿತು.

ಒಂದು ರಾತ್ರಿ ಅವಳಿಗೆ ಹೊಟ್ಟೆನೋವು ವಿಪರೀತವಾಗಿ ಎಚ್ಚರ ತಪ್ಪತೊಡಗಿತು. ನಮ್ಮ ಕಡೆಯವರು ಮಾಡುವಂತೆ ತಲಪಾಡಿ ದಾಟಿ ಮಂಗಳೂರಿಗೆ ಕರೆದೊಯ್ದೆ. ತಕ್ಷಣ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಒಪ್ಪಿಗೆ ಪತ್ರದಲ್ಲಿ ಸಂಬಂಧ ಎಂಬಲ್ಲಿ ‘ಸಂಗಾತಿ’ ಎಂದು ಬರೆದೆ. ಕೌಂಟರಿನಲ್ಲಿದ್ದವರು ಅದನ್ನು ಓದಿ, ಕಾಗದವನ್ನು ತಮ್ಮತ್ತ ಎಳೆದುಕೊಂಡು, “ಮನೆಯವರು ಯಾರೂ ಬಂದಿಲ್ಲವೇ?” ಎಂದು ಕೇಳಿದರು. ಮನೆಯವಳು ನಾನೇ ಎಂದೆ. ಅವರು ಇನ್ನೊಂದು ಖಾಲಿ ನಮೂನೆ ತೆಗೆದಿಟ್ಟರು. ನಮ್ಮ ಹೊಸ್ತಿಲು ತುಳಿಯದೆ ವರ್ಷಗಳೇ ಕಳೆದಿದ್ದ ಅವಳ ಅಣ್ಣನಿಗೆ ನಾನೇ ಫೋನ್ ಮಾಡಿ ಅಂಗಲಾಚಬೇಕಾಯಿತು. ಅವರು ಪುತ್ತೂರಿನಿಂದ ಬಂದು ಸಹಿ ಹಾಕುವವರೆಗೆ ಅವಳು ಸ್ಟ್ರೆಚರಿನ ಮೇಲೆ ನರಳುತ್ತಿದ್ದಳು. ಯಾವ ಔಷಧ ಇವರಿಗೆ ಆಗಿಬರುವುದಿಲ್ಲ ಎಂದು ನರ್ಸ್ ಕೇಳಿದಾಗ ಆ ಅಣ್ಣ ತಿರುಗಿ ನನ್ನ ಮುಖ ನೋಡಿದರು. ಉತ್ತರ ಗೊತ್ತಿದ್ದದ್ದು ನನಗೆ. ಸಹಿಯ ಅಧಿಕಾರ ಇದ್ದದ್ದು ಅವರಿಗೆ. ಅವಳು ಬದುಕಿ ಮನೆಗೆ ಬಂದಳು, ನಿಜ. ಆದರೆ ಅಂದಿನ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಕಾನೂನು ತಮಗೆ ತಿಳಿಯದ್ದಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನಮ್ಮನ್ನು ಅಪರಾಧಿಗಳ ಪಟ್ಟಿಯಿಂದ ಬಿಡಿಸಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು, ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆ ಬದಲಿಸುವುದು ಶಾಸಕಾಂಗದ ಕೆಲಸ ಎಂದರು. ಮರುಪರಿಶೀಲನಾ ಅರ್ಜಿಯೂ 2025ರ ಜನವರಿಯಲ್ಲಿ ವಜಾ ಆಯಿತು. ಆ ತೀರ್ಪನ್ನು ನಾನು ಒಪ್ಪಲಾರೆ. ಸಂವಿಧಾನದ 14ನೆಯ ವಿಧಿ ಕಾನೂನಿನ ಸಮಾನ ರಕ್ಷಣೆಯನ್ನು ‘ಯಾವುದೇ ವ್ಯಕ್ತಿಗೆ’ ನಿರಾಕರಿಸಬಾರದು ಎನ್ನುತ್ತದೆ. ಜಾತಿ ಮತ ಮೀರಿ ಮದುವೆಯಾಗುವವರಿಗೆ ರಕ್ಷಣೆ ಕೊಡುವ ಕಾಯ್ದೆ ನಮ್ಮನ್ನು ಹೊರಗಿಡಲು 15ನೆಯ ವಿಧಿ ನಿಷೇಧಿಸುವ ಲಿಂಗಭೇದವಲ್ಲದೆ ಬೇರೇನು ಕಾರಣವಿದೆ? ಅವಳ ಜಾಗದಲ್ಲಿ ಒಬ್ಬ ಗಂಡಸಿದ್ದಿದ್ದರೆ ವಿವಾಹ ನೋಂದಣಿ ಮುಗಿದು, ಆ ರಾತ್ರಿ ನನ್ನ ಸಹಿ ನಡೆಯುತ್ತಿತ್ತು. ವ್ಯತ್ಯಾಸ ಅಷ್ಟೇ.

2024ರಲ್ಲಿ ಕೇಂದ್ರ ಸರ್ಕಾರ ನಮ್ಮಂಥವರು ಒಂದೇ ಪಡಿತರ ಚೀಟಿಯಲ್ಲಿರಬಹುದು, ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು ಎಂದಿತು. ಹತ್ತಿರದ ಸಂಬಂಧಿಕರಿಲ್ಲದಿದ್ದರೆ ಸಂಗಾತಿಯ ಶವ ಪಡೆಯಬಹುದು ಎಂದೂ ರಾಜ್ಯಗಳಿಗೆ ಬರೆಯಿತು. ಸತ್ತ ಮೇಲೆ ಹೆಣ ಕೊಡುತ್ತೇವೆ ಎಂಬ ಮಾತನ್ನು ಹಕ್ಕೆಂದು ನಾವು ಒಪ್ಪಿಕೊಳ್ಳಬೇಕೇ? ಸುತ್ತೋಲೆ ಬೇಡ ಸ್ವಾಮೀ, ಕಾಯ್ದೆ ತಿದ್ದಿ.

ಇಂಥವರು ಎಷ್ಟು ಮಂದಿ ಇದ್ದಾರೆ ಎಂದು ದಯವಿಟ್ಟು ಕೇಳಬೇಡಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈ ನೆಲದ ಕನ್ನಡಿಗರು ಕೇಳಿ ಕೇಳಿ ದಣಿದ ಪ್ರಶ್ನೆ ಅದು. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದಾಗ, ಅರ್ಜಿ ನಮೂನೆ ಕನ್ನಡದಲ್ಲಿ ಬೇಕೆಂದಾಗ, ನಾವು ತಲೆ ಎಣಿಸಿ ತೋರಿಸಲಿಲ್ಲ, ಸಂವಿಧಾನವನ್ನು ತೋರಿಸಿದೆವು. ಭಾಷೆಯ ವಿಷಯದಲ್ಲಿ ನನ್ನೊಂದಿಗೆ ನಿಂತ ಊರವರನ್ನೂ ಇಲ್ಲಿ ಕೇಳುತ್ತೇನೆ: ಕಡಿಮೆ ಜನರಿಗೂ ಪೂರ್ತಿ ಹಕ್ಕಿದೆ ಎಂಬ ನಮ್ಮ ವಾದ ನನ್ನ ಮನೆಯ ಬಾಗಿಲಿಗೆ ಬಂದಾಗ ಏಕೆ ನಿಲ್ಲಬೇಕು?

ತಾವು ಮಸೂದೆ ಮಂಡಿಸಬೇಕು. ಆ ಕಾಯ್ದೆಯ 4(ಸಿ) ಸೆಕ್ಷನ್ನಿನಲ್ಲಿ ಗಂಡು, ಹೆಣ್ಣು ಎಂದಿರುವಲ್ಲಿ ವಯಸ್ಸು ತುಂಬಿದ ಇಬ್ಬರು ವ್ಯಕ್ತಿಗಳು ಎಂದಾಗಬೇಕು. ನಮ್ಮಂಥ ಜೋಡಿಗಳ ಹಕ್ಕು ಸವಲತ್ತುಗಳನ್ನು ಪರಿಶೀಲಿಸಲು ಕೇಂದ್ರ ನೇಮಿಸಿದ ಸಂಪುಟ ಕಾರ್ಯದರ್ಶಿಯವರ ಸಮಿತಿ ಈವರೆಗೆ ಏನು ಮಾಡಿದೆ ಎಂದು ತಾವು ಸದನದಲ್ಲಿ ಪ್ರಶ್ನಿಸಬೇಕು. ಮಸೂದೆ ಬಿದ್ದುಹೋದರೆ ಹೋಗಲಿ, ಮುಂದಿನ ಅಧಿವೇಶನದಲ್ಲಿ ಮತ್ತೆ ಮಂಡಿಸಿ. ವೈದ್ಯರು ಅವಳಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದಿದ್ದಾರೆ. ಅವಳ ಅಣ್ಣನಿಗೆ ಮತ್ತೊಮ್ಮೆ ಫೋನ್ ಮಾಡಲು ನಾನು ಸಿದ್ಧಳಿಲ್ಲ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರಳು
ಬದಿಯಡ್ಕ