ನಡೆಯಿರಿ ಅನ್ನುತ್ತೀರಿ, ಗೇಟಿಗೆ ಬೀಗ ಹಾಕುತ್ತೀರಿ

ಮಾನ್ಯರೇ,

ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಜಾಗೃತಿ ನಡಿಗೆಯ ವರದಿ ಓದಿದೆ. ಫೋಟೊ ಚೆನ್ನಾಗಿ ಬಂದಿದೆ. ಬಿಳಿ ಟೋಪಿ, ಇಸ್ತ್ರಿ ಮುರಿಯದ ಟೀ ಶರ್ಟ್, ಕೈಯಲ್ಲಿ ಹಸಿರು ಬಾವುಟ. ಜನರಿಗೆ ನಡೆಯುವ ಅಭ್ಯಾಸವೇ ತಪ್ಪಿ ಹೋಗಿದೆ ಅಂತ ಉದ್ಘಾಟನೆಗೆ ಬಂದ ಸಾಹೇಬರು ಬೇಸರ ಮಾಡಿಕೊಂಡರು ಅಂತಲೂ ಬರೆದಿದ್ದೀರಿ. ಆ ಫೋಟೊದ ಎಡಗಡೆ ಗೇಟು ಅರ್ಧ ಕಾಣುತ್ತದಲ್ಲ, ಅದರ ಆಚೆ ಕೊಡೆ ಹಿಡಿದು ನಿಂತಿದ್ದವರಲ್ಲಿ ನಾನೂ ಒಬ್ಬಳು. ನಮ್ಮನ್ನು ಕತ್ತರಿಸಿ ಹಾಕಿದ್ದೀರಿ. ಇರಲಿ.

ದಿನಾ ಐದೂವರೆಗೆ ತೆಗೆಯುವ ಗೇಟು ಅವತ್ತು ತೆಗೆಯಲಿಲ್ಲ. ವಾಚ್‌ಮನ್‌ನನ್ನು ಕೇಳಿದರೆ "ಅಮ್ಮಾ, ನಂಗೇನ್ ಗೊತ್ತು, ಸಾಹೇಬ್ರು ಬಂದು ಉದ್ಘಾಟನೆ ಆಗೋ ತನಕ ಯಾರನ್ನೂ ಬಿಡಬೇಡ ಅಂದಿದಾರೆ" ಅಂದ. ಪಾಪ, ಅವನದೇನು ತಪ್ಪು. ನಡಿಗೆಯ ಉದ್ಘಾಟನೆ ಆಗಬೇಕು, ಅದಕ್ಕೆ ನಡೆಯುವವರು ಹೊರಗೆ ನಿಲ್ಲಬೇಕು. ಆರಕ್ಕೆ ಅಂದ ಕಾರ್ಯಕ್ರಮಕ್ಕೆ ಕಾರು ಬಂದಾಗ ಏಳೂಮುಕ್ಕಾಲು. ಎರಡು ಬೀದಿ ಆಚೆಯಿಂದ ಬರುವವರೂ ಕಾರಿನಲ್ಲೇ ಬಂದರು. ವಾಕಿಂಗ್ ಪಥದ ಮೇಲೆ ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನದ ಗೂಟ, ಮೈಕಿನ ವೈರು. ಭಾಷಣ ಮುಕ್ಕಾಲು ಗಂಟೆ, ನಡಿಗೆ ಒಂದು ಸುತ್ತು, ಆಮೇಲೆ ಉಪ್ಪಿಟ್ಟು ಕೇಸರಿಬಾತ್.

ನನಗೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರ್ ದಿನಕ್ಕೆ ಮುಕ್ಕಾಲು ಗಂಟೆ ಬೀಸಾಗಿ ನಡೆಯಿರಿ ಅಂದಿದ್ದಾರೆ. ಸುಮ್ನೆ ನಿಂತು ಏನು ಮಾಡೋದು ಅಂತ ರಸ್ತೆಗೆ ಇಳಿದೆ. ಫುಟ್‌ಪಾತ್ ಮೇಲೆ ಒಬ್ಬರ ಜಲ್ಲಿ ರಾಶಿ, ಇನ್ನೊಬ್ಬರ ಜನರೇಟರ್, ಮತ್ತೊಬ್ಬರ ಕಾರು. ಮಳೆ ಬೇರೆ ಜೋರಾಯಿತು. ಚರಂಡಿ ಕಲ್ಲು ಅಲ್ಲಾಡುತ್ತದೆ ಅಂತ ಗೊತ್ತಿದ್ದೂ ಹಿಂದಿನಿಂದ ಹಾರ್ನ್ ಹೊಡೆದ ಬೈಕಿಗೆ ಹೆದರಿ ಅದರ ಮೇಲೇ ಕಾಲಿಟ್ಟೆ. ಕಾಲು ಉಳುಕಿತು, ಕೊಡೆ ಮುರಿಯಿತು, ಚಪ್ಪಲಿ ಒಂದು ಚರಂಡಿ ಪಾಲಾಯಿತು. ಮನೆಗೆ ಬರೋಕೆ ಆಟೊದವನು ಎಂಬತ್ತು ರೂಪಾಯಿ ತಗೊಂಡ. ಕಾಲಿಗೆ ಬ್ಯಾಂಡೇಜ್ ಬೇರೆ. ಮಾರನೆ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿತ್ತು, ಅದೂ ತಪ್ಪಿತು. ಕುಂಟಿಕೊಂಡು ಒಳಗೆ ಬಂದರೆ ನಮ್ಮ ಮನೆಯವರು ಪೇಪರ್‌ನಿಂದ ತಲೆ ಎತ್ತದೆ "ಏನೇ, ಜಾಗೃತಿ ಆಯ್ತಾ?" ಅಂತ ಕೇಳಿದರು.

ಸಿಟ್ಟು ಬಂದದ್ದು ಕಾಲಿಗಲ್ಲ, ಭಾಷಣಕ್ಕೆ. ಮೈಕು ಗೇಟಿನ ಆಚೆಗೂ ಕೇಳುತ್ತಿತ್ತಲ್ಲ. ದೇಶದ ವಯಸ್ಕರಲ್ಲಿ ಅರ್ಧ ಜನ ಸಾಕಷ್ಟು ಮೈ ಆಡಿಸುವುದಿಲ್ಲ ಅಂದರು, ಸರಿ. ನಮ್ಮೂರಲ್ಲಂತೂ "ಕೆಲವು ಸಮುದಾಯದ ಹೆಂಗಸರಿಗೆ ಇದರ ಅರಿವೇ ಇಲ್ಲ" ಅಂತಲೂ ಸೇರಿಸಿದರು. ಅದನ್ನು ನೀವು ವರದಿಯಲ್ಲಿ ಬಿಟ್ಟಿದ್ದೀರಿ. ಯಾಕೆ ಬಿಟ್ಟಿರಿ ಗೊತ್ತಿಲ್ಲ.

ಆ ಹೊತ್ತಿಗೆ ಗೇಟಿನ ಹೊರಗೆ ಯಾರು ನಿಂತಿದ್ದರು ಅಂತ ಸಾಹೇಬರು ಸ್ವಲ್ಪ ಕತ್ತು ತಿರುಗಿಸಿ ನೋಡಿದ್ದರೆ ಸಾಕಿತ್ತು. ಹಿಂದಿನ ಬೀದಿಯ ಉರ್ದು ಮಾತಾಡುವ ತಾಯಿ ಮಗಳು, ಗಂಡಸರ ಗುಂಪು ಬರುವ ಮೊದಲೇ ಆರು ಸುತ್ತು ಮುಗಿಸುವವರು, ಬುರ್ಖಾ ನೆನೆದು ಮೈಗೆ ಅಂಟಿಕೊಂಡಿತ್ತು. ಭದ್ರಾವತಿ ಕಾರ್ಖಾನೆಯಿಂದ ನಿವೃತ್ತರಾಗಿ ಮಗನ ಮನೆಗೆ ಬಂದಿರುವ ತಮಿಳು ಹಿರಿಯರು. ಕೊಂಕಣಿ ಮಾಮಿ. ಅಂಗಡಿ ತೆಗೆಯುವ ಮೊದಲು ಬರುವ ಮಾರ್ವಾಡಿ ದಂಪತಿ. ತಾಂಡಾದಿಂದ ಬಂದು ಇಲ್ಲೇ ನರ್ಸ್ ಆಗಿರುವ ಲಂಬಾಣಿ ಹುಡುಗಿ, ನೈಟ್ ಡ್ಯೂಟಿ ಮುಗಿಸಿ ನೇರ ಬರುತ್ತಾಳೆ. ಈಗ ಹೇಳಿ, ಯಾವ ಸಮುದಾಯಕ್ಕೆ ಅರಿವಿಲ್ಲ? ಒಳಗೆ ಕುರ್ಚಿ ಮೇಲೆ ಕೂತಿದ್ದ ಸಮುದಾಯಕ್ಕಾ?

ಅರ್ಧ ಜನ ಅಂದರಲ್ಲ, ಆ ಲೆಕ್ಕವನ್ನು ನಾನೂ ಓದಿದ್ದೇನೆ. 2024ರ ಜೂನ್‌ನಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 2022ಕ್ಕೆ ನಮ್ಮ ದೇಶದ ವಯಸ್ಕರಲ್ಲಿ ಶೇ 49.4 ಜನರ ಚಟುವಟಿಕೆ ಸಾಲದು, 2000ದಲ್ಲಿ ಇದೇ ಶೇ 22ರ ಆಸುಪಾಸಿನಲ್ಲಿತ್ತು. ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಸಾಹೇಬರು ಇದನ್ನು ಜಿಮ್ಮಿಗೆ ಹೋಗದವರ ಲೆಕ್ಕ ಅಂದರು, ಅದಲ್ಲ. ಕೆಲಸ, ಮನೆವಾರ್ತೆ, ಓಡಾಟ, ಆಟ ಎಲ್ಲ ಸೇರಿಸಿ ವಾರಕ್ಕೆ 150 ನಿಮಿಷ ಸಾಧಾರಣ ಶ್ರಮ ಅಥವಾ 75 ನಿಮಿಷ ಜೋರು ಶ್ರಮ ಆಯಿತಾ ಅಂತ ನೋಡುತ್ತಾರೆ. ನಮ್ಮಮ್ಮ ತೀರ್ಥಹಳ್ಳಿ ಕಡೆಯವರು. ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಇಳಿದವರು, ಕೊಟ್ಟಿಗೆ ಬಾಚಿದವರು. ಅವರಿಗೆ ಇಷ್ಟು ನಿಮಿಷ ಒಂದೇ ಬೆಳಿಗ್ಗೆಗೆ ಆಗುತ್ತಿತ್ತು. ಅಡಕೆ ಸುಗ್ಗಿಯಲ್ಲಿ ಮಾತ್ರ ಕಾಯಿ ಸುಲಿಯುವ ಮೆಟ್ಟುಗತ್ತಿ ಮುಂದೆ ಮಧ್ಯರಾತ್ರಿವರೆಗೆ ಕೂತು ಸೊಂಟ ಹಿಡಿಸಿಕೊಳ್ಳುತ್ತಿದ್ದರು. ಈಗ ಅದೇ ತೋಟಕ್ಕೆ ನನ್ನ ತಮ್ಮ ಸ್ಕೂಟರ್‌ನಲ್ಲಿ ಹೋಗುತ್ತಾನೆ. ನಾನು ಇಲ್ಲಿ ಫ್ಲ್ಯಾಟಿನಲ್ಲಿ ಮಿಕ್ಸಿ, ವಾಷಿಂಗ್ ಮಷಿನ್ ಜೊತೆ ಇದ್ದೇನೆ. ನಡೆಯಬೇಕಾದವಳು ನಾನೇ, ಒಪ್ಪುತ್ತೇನೆ. ಅದಕ್ಕೇ ಅಲ್ವಾ ಐದೂವರೆಗೆ ಗೇಟಿನ ಹತ್ತಿರ ಬಂದದ್ದು?

ಇನ್ನೊಂದು ಮಾತು. ನನ್ನ ಅಕ್ಕನ ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾನೆ. ಅಲ್ಲಿ ಇಂಥ ಸರ್ವೆಗಳಲ್ಲಿ ಜನಾಂಗ ಯಾವುದು ಅಂತ ಕೇಳಿ ಬೇರೆ ಬೇರೆ ಲೆಕ್ಕ ತೆಗೆಯುತ್ತಾರಂತೆ, ಅದರಲ್ಲಿ ಏಷ್ಯಾದವರು ಹಿಂದೆ ಇರುತ್ತಾರಂತೆ. ಅಲ್ಲಿನ ಎಷ್ಟೋ ಲೆಕ್ಕಗಳಲ್ಲಿ ನಾವು, ಪಾಕಿಸ್ತಾನದವರು, ಬಾಂಗ್ಲಾದವರು ಎಲ್ಲ ಒಂದೇ ಡಬ್ಬಿ. ಇಲ್ಲಿ ಒಂದೇ ಪಾರ್ಕಿನವರನ್ನು ನಾಲ್ಕು ಡಬ್ಬಿ ಮಾಡುವವರು ಒಂದು ಸಲ ಅಲ್ಲಿಗೆ ಹೋಗಿ ಬರಲಿ. ಗ್ಲಾಸ್ಗೊ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿ, ಬಿಳಿಯರಿಗೆ ವಾರಕ್ಕೆ 150 ನಿಮಿಷದಲ್ಲಿ ಸಿಗುವ ಲಾಭ ನಮ್ಮ ಮೈಗೆ ಸಿಗಬೇಕಾದರೆ 230 ನಿಮಿಷವಾದರೂ ಬೇಕಾದೀತು ಅಂದಿದ್ದಾರಂತೆ. ಸೊಂಟದ ಅಳತೆಯೂ ನಮಗೆ ಬಿಗಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ವೇದಿಕೆ ಮೇಲಿದ್ದವರಿಗೆ ಟೇಪು ಹಿಡಿಯುವ ಧೈರ್ಯ ನನಗಿಲ್ಲ, ನಿಮ್ಮ ಫೋಟೊ ನೋಡಿದರೆ ಸಾಕು.

ಇದು ಮೊದಲ ಸಲವೂ ಅಲ್ಲ. ಇದೇ ಪಾರ್ಕಿನ ದೀಪ ಕೆಟ್ಟು ಎಷ್ಟು ತಿಂಗಳಾಯಿತು ಅಂತ ನಾನು ಎಣಿಸುವುದು ಬಿಟ್ಟಿದ್ದೇನೆ. ಅರ್ಜಿ ಕೊಟ್ಟರೆ ಪಕ್ಕದ ಟೇಬಲ್, ಅಲ್ಲಿಗೆ ಹೋದರೆ "ಅವರು ಸೈಟ್‌ಗೆ ಹೋಗಿದ್ದಾರೆ". ಯಾವ ಸೈಟೋ. ಹೆಂಗಸರ ಶೌಚಾಲಯಕ್ಕೂ ಬೀಗ, ಅದರ ಕೀಲಿ ಬೇರೆಯವರ ಹತ್ತಿರ. ನಾಯಿಗಳ ಬಗ್ಗೆ ಬರೆದ ಪತ್ರಕ್ಕೆ ಉತ್ತರ ಬಂದಿತ್ತು, ಆ ಬೀದಿ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ. ನಾಯಿಗಳಿಗೂ ಅದು ಗೊತ್ತಿರಬೇಕು, ಅದಕ್ಕೇ ಅಲ್ಲೇ ಮಲಗುತ್ತವೆ. ಪೈಪಿಗೆ ಅಗೆದದ್ದು ಮುಚ್ಚಿದ ಮೇಲೆ ಕೇಬಲ್ಲಿಗೆ ಅಗೆದರು, ಅದನ್ನು ಮುಚ್ಚುವ ಮೊದಲು ಮಳೆ ಬಂತು. 2023ರಲ್ಲಿ ನಮ್ಮೂರ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂತು, ಸಂತೋಷ. ರನ್‌ವೇ 3.2 ಕಿಲೋಮೀಟರ್ ಉದ್ದ, ನಡುವೆ ಜಲ್ಲಿ ರಾಶಿ ಇಲ್ಲ, ಜನರೇಟರ್ ಇಲ್ಲ, ಚರಂಡಿ ಕಲ್ಲು ಅಲ್ಲಾಡುವುದಿಲ್ಲ. ಬೆಳಿಗ್ಗೆ ವಿಮಾನ ಇಲ್ಲದ ಹೊತ್ತಲ್ಲಿ ನಮ್ಮನ್ನು ಬಿಡುತ್ತಾರಾ ಅಂತ ಯಾರಾದರೂ ಕೇಳಿ ಹೇಳಿ.

ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಸಂಬಂಧಪಟ್ಟವರು ಯಾರು ಅಂತಲೂ ಸಂಬಂಧಪಟ್ಟವರೇ ತಿಳಿಸಬೇಕು. ಗೇಟು ದಿನಾ ಐದೂವರೆಗೆ ತೆಗೆಯಬೇಕು, ಉದ್ಘಾಟನೆ ಇದ್ದರೂ ತೆಗೆಯಬೇಕು. ಆಗುವುದಿಲ್ಲ ಅಂದರೆ ಗೇಟಿಗೆ ಕಟ್ಟಿರುವ "ನಡೆಯಿರಿ, ಆರೋಗ್ಯವಾಗಿರಿ" ಬ್ಯಾನರ್ ಆದರೂ ಬಿಚ್ಚಿಕೊಂಡು ಹೋಗಿ. ಕಾರ್ಯಕ್ರಮ ಮುಗಿದು ನಾಲ್ಕು ದಿನ ಆಯಿತು. ಅದರ ಒಂದು ತುದಿ ಹರಿದು ಪಥದ ಮೇಲೆ ಬಿದ್ದಿದೆ, ನಿನ್ನೆ ಕೊಂಕಣಿ ಮಾಮಿ ಅದಕ್ಕೇ ಎಡವಿದರಂತೆ. ಉಪ್ಪಿಟ್ಟಿನ ತಟ್ಟೆಗಳೂ ಅಲ್ಲೇ ಇವೆ, ನಾಯಿಗಳು ಬಿಟ್ಟಷ್ಟು.

ಇತಿ,
ಕಾಲು ಊದಿಸಿಕೊಂಡು ಕೂತಿರುವ ಒಬ್ಬ ಗೃಹಿಣಿ
ಶಿವಮೊಗ್ಗ