ರಿಪೋರ್ಟಿನ ದಪ್ಪ ಅಕ್ಷರ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ಮೈಗೆ ಏನೂ ಆಗಿರಲಿಲ್ಲ, ಸುಮ್ನೆ ಒಂದು ಸಲ ನೋಡಿಬಿಡೋಣ ಎಂದು ರಕ್ತ ಪರೀಕ್ಷೆ ಮಾಡಿಸಿದೆ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಬಿಲಿರುಬಿನ್ (ಹಳೆಯ ರಕ್ತಕಣ ಒಡೆದಾಗ ಬರುವ ಹಳದಿ ವಸ್ತು) 1.5, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. ಅವರು ಹಾಕಿದ ಮಿತಿ 1.2. ರಾತ್ರಿ ನಿದ್ದೆ ಹತ್ತಲಿಲ್ಲ. ಕಾಮಾಲೆ, ಲಿವರ್ ಎಂದೆಲ್ಲ ಹುಡುಕಿ ಓದಿ, ಕೊನೆಗೆ ಕನ್ನಡಿ ಮುಂದೆ ನಿಂತು ಕಣ್ಣು ಹಳದಿಯಾಗಿದೆಯಾ ಎಂದು ನೋಡಿಕೊಂಡೆ.

ಮರುದಿನ ಡಾಕ್ಟರು ಕೇಳಿದ್ದು ಒಂದೇ: "ಎಷ್ಟು ಹೊತ್ತು ಉಪವಾಸ ಇದ್ರಿ?" ಹಿಂದಿನ ರಾತ್ರಿಯ ಊಟವನ್ನೇ ಬಿಟ್ಟು ಹೋಗಿದ್ದೆ. ಕೆಲವರ ಮೈ ಹಾಗೇ ಇರುತ್ತದಂತೆ, ಹೊಟ್ಟೆ ಖಾಲಿ ಬಿಟ್ಟರೆ ಬಿಲಿರುಬಿನ್ ಸ್ವಲ್ಪ ಏರುತ್ತದೆ, ಅದಕ್ಕೆ ಗಿಲ್ಬರ್ಟ್ ಸಿಂಡ್ರೋಮ್ ಎಂದು ಹೆಸರು, ಔಷಧವೂ ಬೇಡ. ಏರಿದ್ದು ಇನ್‌ಡೈರೆಕ್ಟ್ ಭಾಗ, ಅಂದರೆ ಲಿವರ್ ಇನ್ನೂ ಸಂಸ್ಕರಿಸದ ಬಿಲಿರುಬಿನ್ ಮಾತ್ರ, ಲಿವರಿನ ಉಳಿದ ಅಂಕಿಗಳೆಲ್ಲ ಸರಿ ಇದ್ದವು, ಹಾಗಾಗಿ ಅವರಿಗೆ ಗಾಬರಿ ಇರಲಿಲ್ಲ.

ಆಮೇಲೆ ಅವರು ಹೇಳಿದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು ಅನಿಸಿ ಈ ಪತ್ರ. ‘ನಾರ್ಮಲ್’ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಾಗಿರುವವರ ರಕ್ತ ನೋಡಿಯೇ ಹಾಕುತ್ತಾರೆ, ಅವರಲ್ಲಿ ನಡುವಿನ 95% ಜನರ ಅಂಕಿ ಆ ಮಿತಿಯೊಳಗೆ ಬರುತ್ತದೆ. ಅಂದರೆ 100 ಮಂದಿಯಲ್ಲಿ 5 ಮಂದಿ ಗಟ್ಟಿಮುಟ್ಟಾಗಿದ್ದರೂ ಹೊರಗೆ! ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ ಒಂದಾದರೂ ಹೊರಗೆ ಬೀಳುವ ಸಾಧ್ಯತೆ ಸುಮಾರು 64%. ಪ್ಯಾಕೇಜಿನಲ್ಲಿ ಪರೀಕ್ಷೆ ಜಾಸ್ತಿ ಆದಷ್ಟೂ ದಪ್ಪ ಅಕ್ಷರವೂ ಜಾಸ್ತಿ, ಅಲ್ವಾ? (ಸಕ್ಕರೆ, ಕೊಲೆಸ್ಟರಾಲ್ ಮಾತ್ರ ಬೇರೆ, ಅವುಗಳ ಗೆರೆಯನ್ನು ಮುಂದೆ ಬರಬಹುದಾದ ಅಪಾಯ ನೋಡಿ ಎಳೆದಿರುತ್ತಾರೆ.)

ರೋಗವಿಲ್ಲದೆಯೂ ಅಂಕಿ ಏರುವ ದಾರಿಗಳು ಬೇಕಾದಷ್ಟಿವೆ. ಹಿಂದಿನ ದಿನ ಜಿಮ್‌ನಲ್ಲಿ ಭಾರ ಎತ್ತಿದ್ದರೆ ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ ಎಂಬ ಕಿಣ್ವ ಏರುತ್ತದೆ, ಯಾಕೆಂದರೆ ಅದು ಸ್ನಾಯುವಿನಲ್ಲೂ ಇದೆ. ನೀರು ಕಡಿಮೆ ಕುಡಿದರೆ ಯೂರಿಯಾ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ರಕ್ತಕಣ ಒಡೆದರೆ ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಥೈರಾಯ್ಡ್ ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ.

ಹಾಗಂತ ರಿಪೋರ್ಟನ್ನು ಡ್ರಾಯರಿಗೆ ಎಸೆಯಿರಿ ಎನ್ನುತ್ತಿಲ್ಲ. ಪೊಟ್ಯಾಸಿಯಂ 6 ದಾಟಿದರೆ ಅದು ಸುಳ್ಳೋ ನಿಜವೋ ಎಂದು ಅವತ್ತೇ ಮತ್ತೆ ನೋಡಿಸಬೇಕು. ದಪ್ಪ ಅಕ್ಷರವೇ ಇಲ್ಲದಿದ್ದರೂ ಎಲ್ಲ ಸರಿ ಎಂದಲ್ಲ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) 0.7 ಇದ್ದವರಿಗೆ 1.1 ಬಂದರೆ ಎಷ್ಟೋ ರಿಪೋರ್ಟುಗಳಲ್ಲಿ ಅದು ಮಿತಿಯೊಳಗೇ ಇರುತ್ತದೆ, ಗುರುತೇ ಬೀಳುವುದಿಲ್ಲ, ಆದರೆ ಕಿಡ್ನಿ ಕೆಲಸ ಕಡಿಮೆಯಾಗಿರಬಹುದು. ಇದು ಗೊತ್ತಾಗುವುದು ಹಳೆಯ ರಿಪೋರ್ಟ್ ಪಕ್ಕದಲ್ಲಿದ್ದರೆ ಮಾತ್ರ. ನನ್ನ ಹಳೆಯದು ಹುಡುಕಿದರೆ ಸಿಗಲೇ ಇಲ್ಲ.

ಲ್ಯಾಬಿನವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ‘ಹೈ’, ‘ಲೋ’ ಎಂದು ಹಾಕಿ, ಬೇಡ ಎನ್ನುವುದಿಲ್ಲ. ಕೆಳಗೆ ಈ 95%ರ ಮಾತನ್ನು ಒಂದು ಸಾಲು ಕನ್ನಡದಲ್ಲಿ ಬರೆಯಿರಿ, ಅದೇ ವ್ಯಕ್ತಿ ಮೊದಲು ಬಂದಿದ್ದರೆ ಹಿಂದಿನ ಅಂಕಿಯನ್ನೂ ಪಕ್ಕದಲ್ಲೇ ಕೊಡಿ. ಕಂಪ್ಯೂಟರಿನಲ್ಲಿ ಹೇಗೂ ಇರುತ್ತದಲ್ಲ!

ನಾನು ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಬೇಕು. ಈ ಸಲ ರಾತ್ರಿ ಊಟ ಬಿಡುವುದಿಲ್ಲ.

– ಒಬ್ಬ ಓದುಗ